ಚಿಲಕವಿಲ್ಲದ ಕೋಣೆಯ ಮೌನ

ಒಂದು ಕಾಲದಲ್ಲಿ ಮನೆ ಬಿಟ್ಟು ಬಂದ ಹಾಡುಗಾರರೇ ತುಂಬಿದ್ದ ಓಣಿಯ ಬಗ್ಗೆ ನಮ್ಮ ಕಾಲೇಜಿನ ಸಾಕ್ಷ್ಯಚಿತ್ರ; ಧ್ವನಿಯ ಕೆಲಸ ನನ್ನದು. ಅವರಲ್ಲಿ ಉಳಿದಿದ್ದವಳು ಒಬ್ಬ ಮುದುಕಿ.

"ಈ ಬಾಗಿಲಿಗೆ ಚಿಲಕಾನೇ ಇಲ್ಲ ನೋಡು, ಅವತ್ತೇ ಕಿತ್ತು ಬಿಸಾಕಿದ್ವಿ. ಯಾರು ಬೇಕಾದ್ರೂ ಬಂದು ಮಲಗ್ಬಹುದಿತ್ತು," ಎಂದಳು, ತನ್ನ ಕೋಣೆ ತೋರಿಸುತ್ತಾ.

ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡೆವು. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಅದು ಬೇಕು. ಆಮೇಲೆ ಕೇಳಿದರೆ ಅದರಲ್ಲಿ ಚಿಲಕ ಸರಿಸುವ ಸದ್ದು, ಬರಿಗಾಲಿನ ಹೆಜ್ಜೆ.

"ನಿದ್ದೆಗೆಟ್ಟು ನಿನ್ನ ಕಿವಿ ಕೆಟ್ಟಿದೆ," ಎಂದ ಕ್ಯಾಮೆರಾದವನು, ಹೆಡ್‌ಫೋನ್ ಮುಟ್ಟದೆ.

ನನಗೂ ಸಾಕಾಗಿತ್ತು. ಅದರ ಬದಲು ನನ್ನ ಬಾಡಿಗೆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿ ಅಂಟಿಸಿದೆ. ಅದರಲ್ಲೂ ಅದೇ ಸದ್ದು, ಈ ಸಲ ಮೈಕಿನ ಹತ್ತಿರ.

ಈಗಲೂ ಚಿಲಕ ಹಾಕಿಯೇ ಮಲಗುತ್ತೇನೆ. ಬೆಳಗ್ಗೆ ಅದು ತೆರೆದಿರುತ್ತದೆ, ಹಾಸಿಗೆಯ ಇನ್ನೊಂದು ಬದಿ ಬೆಚ್ಚಗಿರುತ್ತದೆ.