ಇನ್‌ಫ್ಲೇಮಬಲ್ ಎಂದರೇನು?

ವೆಲ್ಡರ್ ಸುಟ್ಟು ಸತ್ತ ಮೂರನೆಯ ದಿನ ಅವನ ಅಕ್ಕ ಕಾರ್ಖಾನೆಯ ಆಫೀಸಿಗೆ ನುಗ್ಗಿ, ತನಿಖೆಗೆ ಕರೆಸಿದ್ದ ಉರ್ದು ಶಾಲೆಯ ಇಂಗ್ಲಿಷ್ ಮೇಷ್ಟರ ಕೆನ್ನೆಗೆ ಎಲ್ಲರೆದುರೇ ಬಾರಿಸಿದಳು. ಕನ್ನಡಕ ನೆಲಕ್ಕೆ ಬಿದ್ದು ಚೂರಾಯಿತು.

"ನಿಮ್ಮ ಒಂದು ಪದ ನನ್ನ ತಮ್ಮನ್ನ ಸುಟ್ಟುಹಾಕ್ತು!"

ತಮ್ಮ ಸ್ಟೋರಿನಲ್ಲಿ, ಬಣ್ಣ ತೆಳುಮಾಡುವ ಥಿನ್ನರ್ ಡ್ರಮ್ಮುಗಳ ಪಕ್ಕದಲ್ಲೇ ವೆಲ್ಡಿಂಗ್ ಮಾಡಿದ್ದ. ಡ್ರಮ್ಮಿನ ಮೇಲೆ ಇಂಗ್ಲಿಷಿನಲ್ಲಿ 'ಇನ್‌ಫ್ಲೇಮಬಲ್' ಎಂದಿತ್ತು. ಅವನಿಗೆ ಉರ್ದು ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ಅಂಥವರಿಗೆಂದೇ ಮೇಷ್ಟರು ಅದರ ಅರ್ಥವನ್ನು ಉರ್ದುವಿನಲ್ಲಿ ಬರೆದುಕೊಟ್ಟಿದ್ದರು. ಆ ಹಾಳೆ ಈಗ ಮ್ಯಾನೇಜರ್ ಕೈಯಲ್ಲಿತ್ತು.

"ನೋಡಿ ಮೇಡಂ," ಅವನು ತನಿಖೆಗೆ ಬಂದಿದ್ದ ಇನ್‌ಸ್ಪೆಕ್ಟರಮ್ಮನತ್ತ ಹಾಳೆ ಚಾಚಿದ. "'ಇನ್' ಅಂದ್ರೆ 'ಅಲ್ಲ' ಅಂದ್ಕೊಂಡು, ಬೆಂಕಿ ಹತ್ತಲ್ಲ ಅಂತ ಬರೆದಿದ್ದಾರೆ. ಸ್ಟೋರಿನ ಬಾಗಿಲಿಗೆ ಅಂಟಿಸಿದ್ವಿ. ಅದನ್ನ ನಂಬಿ ಪಾಪ ಹುಡುಗ ಪ್ರಾಣ ಕಳ್ಕೊಂಡ."

"ಸುಳ್ಳು!" ಮೇಷ್ಟರು ಸಿಟ್ಟಿನಿಂದ ಮೇಜು ಬಡಿದರು. "ಮೂವತ್ತು ವರ್ಷ ಇದೇ ಪದ ಪಾಠ ಮಾಡಿದೀನಿ. ಬೇಗ ಹೊತ್ಕೊಳ್ಳುತ್ತೆ ಅಂತಲೇ ಅರ್ಥ. ಮಕ್ಕಳು ಆ 'ಇನ್' ನೋಡಿ ಎಡವ್ತಾರೆ. ನಾನು ಎಡವ್ತೀನಾ?"

"ಅಕ್ಷರ ನಿಮ್ಮದೇನಾ, ನೋಡಿ ಹೇಳಿ," ಎಂದಳು ಇನ್‌ಸ್ಪೆಕ್ಟರಮ್ಮ.

"ಕನ್ನಡಕ ಇಲ್ದೆ ಏನಮ್ಮ ನೋಡ್ಲಿ?"

ಇನ್‌ಸ್ಪೆಕ್ಟರಮ್ಮನಿಗೂ ಉರ್ದು ಬಾರದು. ಉರ್ದು ಬಲ್ಲವನು ಇನ್ನೊಬ್ಬನಿದ್ದ—ಗೋಡೆಗೆ ಒತ್ತಿ ನಿಂತಿದ್ದ ಸ್ಟೋರ್ ಕೀಪರ್. ಸ್ಟೋರಿನ ಬೀಗದ ಕೈಯೂ ಅವನ ಬಳಿಯೇ ಇತ್ತು.

"ಓದಿ. ಜೋರಾಗಿ," ಎಂದು ಆಕೆ ಹಾಳೆಯನ್ನು ಅವನ ಕೈಗಿಟ್ಟಳು.

ಅವನು ಮ್ಯಾನೇಜರ್ ಮುಖ ನೋಡಿದ.

"ಅಲ್ಲೇನಿದೆ? ಹಾಳೆ ನೋಡ್ರೀ!"

"ಆತಿಶ್‌ಗೀರ್..." ಅಷ್ಟು ಓದಿ ಹಾಳೆ ಮಡಚಹೋದ.

"ಮುಂದೆ?"

"...ಗೈರ್."

"ಅರ್ಥ?"

"ಆತಿಶ್‌ಗೀರ್ ಅಂದ್ರೆ ಬೆಂಕಿ ಹತ್ತೋದು. ಗೈರ್ ಅಂದ್ರೆ... ಅಲ್ಲ."

ಆಕೆ ಹಾಳೆಯನ್ನು ಕಿತ್ತುಕೊಂಡು ಮೇಜಿನ ಮೇಲೆ ಹಾಸಿದಳು.

"ನಾವು ಗೈರುಹಾಜರಿ ಅಂತೀವಿ. ಹಾಜರಿಗೈರು ಅಂತ ಯಾರಾದ್ರೂ ಅಂತಾರಾ? 'ಗೈರ್' ಮೊದಲು ಬರ್ಬೇಕು. ಇಲ್ಲಿ ಕೊನೇಲಿದೆ. ಯಾಕೆ? ಉರ್ದು ಬಲದಿಂದ ಎಡಕ್ಕೆ ಹೋಗುತ್ತೆ. ಇದನ್ನ ಸೇರಿಸಿದವನು ಸಾಲು ಎಡಗಡೆ ಶುರುವಾಗುತ್ತೆ ಅಂದ್ಕೊಂಡು ಅಲ್ಲಿ ತುರುಕಿದಾನೆ. ಮೇಷ್ಟರು ಹೀಗೆ ಬರೆಯಲ್ಲ. ಸ್ಟೋರ್ ಕೀಪರೂ ಬರೆಯಲ್ಲ. ಉರ್ದು ಗಂಧಗಾಳಿ ಇಲ್ಲದವನು ಬರೆದಿದಾನೆ. ಏನ್ರೀ ಮ್ಯಾನೇಜರೇ?"

"ಇದು... ಇದು ಬರೀ ಊಹೆ!"

"ಹಾಗಿದ್ರೆ ಬಾಗಿಲಿಗೆ ಅಂಟಿಸಿದ ಹಾಳೆ ಬೆನ್ನಿಗೆ ಒಂದು ತೊಟ್ಟು ಅಂಟೂ ಯಾಕಿಲ್ಲ? ಇದು ನಿಮ್ಮ ಡ್ರಾಯರ್ ಬಿಟ್ಟು ಹೊರಗೆ ಬಂದೇ ಇಲ್ಲ. ಮೇಷ್ಟರು ಬರೆದದ್ದನ್ನ ಹಾಗೇ ಬಾಗಿಲಿಗೆ ಹಾಕಿದ್ರೆ ವೆಲ್ಡಿಂಗಿಗೆ ಯಾರೂ ಒಪ್ತಿರ್ಲಿಲ್ಲ. ಡ್ರಮ್ಮುಗಳನ್ನ ಸಾಗಿಸೋಕೆ ಒಂದು ದಿನ ಕೆಲಸ ನಿಲ್ಲಿಸ್ಬೇಕಾಗ್ತಿತ್ತು."

ಸ್ಟೋರ್ ಕೀಪರ್ ಕುಸಿದು ಕುಳಿತ. "ಬೆಂಕಿ ಬಿದ್ದ ದಿನವೇ 'ಗೈರ್' ಹೇಗೆ ಬರೆಯೋದು ಅಂತ ಚೀಟೀಲಿ ಬರೆಸ್ಕೊಂಡ್ರು ಮೇಡಂ. ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ... ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ."

ಮ್ಯಾನೇಜರ್ ಬಾಗಿಲತ್ತ ಸರಿದ. ಅಲ್ಲಿ ಕಾನ್‌ಸ್ಟೇಬಲ್ ನಿಂತಿದ್ದ.

ಅಕ್ಕ ಮೇಷ್ಟರನ್ನು ನೋಡಿದಳು, ನೆಲದ ಮೇಲಿನ ಗಾಜನ್ನು ನೋಡಿದಳು. ಆಮೇಲೆ ಸೀದಾ ಹೋಗಿ ಮ್ಯಾನೇಜರ್ ಕೊರಳಪಟ್ಟಿ ಹಿಡಿದಳು. ಯಾರೂ ತಡೆಯಲಿಲ್ಲ.

"ನನ್ನ ತಮ್ಮನಿಗೆ ಓದೋಕೆ ಬರ್ತಿತ್ತು ಕಣೋ," ಎಂದಳು. "ನೀನು ಓದೋಕೆ ಬಿಡ್ಲಿಲ್ಲ."