ತಿನ್ನೋದು ಮಾತ್ರ

"ಬಾರೇ ಹೊರಗೆ! ಇಲ್ಲಾಂದ್ರೆ ಕಾಲು ಹಿಡಿದು ಎಳೀತೀನಿ ನೋಡು!"

ಚಿಕ್ಕಪ್ಪ ಜೆಬ್ರಾಯಿಲ್ ಎಳೆಯುವ ಮೊದಲೇ ಸುಹೇಲಾ ಕಾಲುಗಳನ್ನು ಒಳಕ್ಕೆ ಸೆಳೆದುಕೊಂಡಳು. ಈಗ ಅವಳು ಪೂರ್ತಿಯಾಗಿ ಅಂಗಡಿಯ ಒಳಗಿದ್ದಳು. ಚಿಕ್ಕಪ್ಪನ ಕೈ ಮಾತ್ರ ಷಟರಿನ ಸಂದಿಯಲ್ಲಿ ಅತ್ತಿತ್ತ ತಡಕಾಡುತ್ತಿತ್ತು.

"ಸಿಗಲ್ಲ!" ಅಂದಳು ಸುಹೇಲಾ.

ಎರಡು ದಿನದ ಹಿಂದಿನ ಭೂಕಂಪದಲ್ಲಿ ಅಂಗಡಿಯ ಷಟರ್ ಕಾಗದದ ಹಾಗೆ ಮಡಚಿಹೋಗಿತ್ತು. ಕೆಳಗಿನ ಮೂಲೆಯಲ್ಲಿ ಒಂದು ಸಂದಿ ಬಿಟ್ಟಿತ್ತು, ಅಷ್ಟೆ. ದೊಡ್ಡವರ ಭುಜ ಅದರಲ್ಲಿ ತೂರುತ್ತಿರಲಿಲ್ಲ. ಷಟರನ್ನೇ ಎತ್ತೋಣ ಅಂದರೆ ಮೇಲಿನ ಗೋಡೆ ಅದಕ್ಕೇ ಒರಗಿ ನಿಂತಿತ್ತು. ಸುಹೇಲಾಳಂಥ ಸಣಕಲು ಹುಡುಗಿಗೆ ಮಾತ್ರ ಅಲ್ಲಿ ಜಾಗ.

ಅದು ಅವಳ ಅಪ್ಪ ಶಾಹಿನನ ಅಂಗಡಿ. ಸಮನ್‌ದಾಗ್ ಅನ್ನುವ ಕಡಲತೀರದ ಊರಿನಲ್ಲಿ, ಸಮುದ್ರಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿತ್ತು. ಅಪ್ಪ ಊರಲ್ಲಿರಲಿಲ್ಲ. ಅಮ್ಮನ ಕಾಲಿನ ಮೇಲೆ ಬೀರು ಬಿದ್ದಿತ್ತು. ಕಿತ್ತಳೆ ಸಾಗಿಸುವ ಟ್ರಕ್ಕಿನಲ್ಲಿ ಅಮ್ಮನನ್ನು ಮಲಗಿಸಿಕೊಂಡು ಅಪ್ಪ ದೂರದ ಅದಾನಾ ನಗರದ ಆಸ್ಪತ್ರೆಗೆ ಹೋಗಿದ್ದ. ಆಮೇಲೆ ಸುದ್ದಿಯೇ ಇಲ್ಲ. ಯಾರ ಫೋನಿಗೂ ನೆಟ್‌ವರ್ಕ್ ಇರಲಿಲ್ಲ. ಹೊರಗಿನಿಂದ ಸಹಾಯದ ಒಂದು ಗಾಡಿಯೂ ಬಂದಿರಲಿಲ್ಲ.

ಷಟರಿನ ಆಚೆ ಬೀದಿಯವರೆಲ್ಲ ನಿಂತಿದ್ದರು. ಎಲ್ಲರಿಗಿಂತ ಮುಂದೆ ಝೆಕಿಯೆ ಅತ್ತೆ, ಇಡೀ ಬೀದಿಗೇ ಅತ್ತೆ. ಅವಳ ಮೊಮ್ಮಗು ಶಾಲಿನೊಳಗೆ ಅತ್ತೂ ಅತ್ತೂ ಈಗ ಬರೀ ಕೀರಲು ದನಿ ಮಾಡುತ್ತಿತ್ತು.

"ಹಾಲಿನ ಪುಡಿ ಒಂದು ಡಬ್ಬಿ ಸಾಕು ಕಣೋ ಜೆಬ್ರಾಯಿಲ್. ಶಾಹಿನ್ ಇದ್ದಿದ್ರೆ ನಾನು ಕೇಳೋ ಮೊದಲೇ ಕೊಟ್ಟಿರ್ತಿದ್ದ."

"ಶಾಹಿನ್ ಇಲ್ವಲ್ಲ ಅತ್ತೆ! ಇಲ್ಲದವನ ಅಂಗಡಿಗೆ ಕೈ ಹಾಕಿದ್ರೆ ಅದಕ್ಕೆ ಏನಂತಾರೆ, ನೀವೇ ಹೇಳಿ." ಚಿಕ್ಕಪ್ಪ ಸಂದಿಯಿಂದ ಕೈ ತೆಗೆದು ಎದ್ದು ನಿಂತ. "ನಮ್ಮ ಮನೆ ನೆಲಕ್ಕೆ ಕೂತಿದೆ. ಅತ್ತಿಗೆ ಕಾಲು ಏನಾಗುತ್ತೋ ಗೊತ್ತಿಲ್ಲ. ನಮಗೆ ಅಂತ ಉಳಿದಿರೋದು ಇದೊಂದೇ. ಇದನ್ನು ಕಾಯಿ ಅಂತ ಅಣ್ಣ ನನಗೆ ಹೇಳಿ ಹೋಗಿದ್ದಾನೆ. ಮೇನ್ ರೋಡಿನ ದೊಡ್ಡ ಅಂಗಡಿ ಗತಿ ನೋಡಿದ್ರಲ್ಲ? ಮೊದಲು ಬ್ರೆಡ್ಡು ತಗೊಂಡ್ರು. ಆಮೇಲೆ ಟಿವಿ ಹೊತ್ಕೊಂಡು ಹೋದ್ರು!"

"ಕರೆಂಟೇ ಇಲ್ಲ, ಟಿವೀಲಿ ಏನು ನೋಡ್ತಾರೋ ಪಾಪ," ಅಂದ ಹಿಂದಿದ್ದ ಯಾರೋ. ಯಾರೂ ನಗಲಿಲ್ಲ.

ಒಳಗೆ ಕತ್ತಲು. ಒಡೆದ ಉಪ್ಪಿನಕಾಯಿ ಬಾಟಲಿಗಳ ಹುಳಿ ವಾಸನೆ ಮೂಗಿಗೆ ಅಡರಿತು. ಆದರೆ ಇದು ಸುಹೇಲಾ ಹುಟ್ಟಿದಾಗಿನಿಂದ ಓಡಾಡಿದ ಅಂಗಡಿ. ಸಾಲುಗಳು ಬಿದ್ದುಹೋಗಿದ್ದರೂ ಯಾವುದು ಎಲ್ಲಿರುತ್ತದೆ ಅಂತ ಅವಳ ಕೈಗೇ ಗೊತ್ತಿತ್ತು. ಕೌಂಟರಿನ ಎಡಗಡೆ, ಕೆಳಗಿನ ಹಲಗೆ. ಡಬ್ಬಿ ಸಿಕ್ಕಿತು.

ಸಂದಿಯಿಂದ ಡಬ್ಬಿಯನ್ನು ಹೊರಗೆ ಚಾಚಿದಳು. ಚಿಕ್ಕಪ್ಪ ಅದನ್ನು ಹಿಡಿದುಕೊಂಡ. ಬಿಡಲೂ ಇಲ್ಲ, ಕಿತ್ತುಕೊಳ್ಳಲೂ ಇಲ್ಲ.

"ಕೊಡು ಚಿಕ್ಕಪ್ಪ."

"ನಿಮ್ಮಪ್ಪನಿಗೆ ಯಾರು ಉತ್ತರ ಹೇಳ್ತಾರೆ?"

"ನಾನು ಹೇಳ್ತೀನಿ. ನಾನೇ ಕೊಟ್ಟೆ ಅಂತೀನಿ. ಮಗು ಅಳ್ತಾ ಇತ್ತು ಅಂತೀನಿ. ನೀನು ಈಗ ಕೊಡದಿದ್ರೆ ನಾನು ಇಲ್ಲೇ ಕೂತಿರ್ತೀನಿ. ಹೊರಗೇ ಬರಲ್ಲ."

ಚಿಕ್ಕಪ್ಪ ಒರಗಿದ ಗೋಡೆಯತ್ತ ನೋಡಿದ. ಆಮೇಲೆ ಡಬ್ಬಿಯನ್ನು ಝೆಕಿಯೆ ಅತ್ತೆಯ ಕೈಗೆ ಇಟ್ಟ.

ಒಂದು ಡಬ್ಬಿ ಹೋದ ಮೇಲೆ ಇನ್ನೊಂದನ್ನು ತಡೆಯುವುದು ಹೇಗೆ? ಎಲ್ಲರೂ ಒಟ್ಟಿಗೇ ಕೂಗತೊಡಗಿದರು. ಬೇಳೆ ಇದೆಯಾ, ಗೋಧಿ ನುಚ್ಚು ಇದೆಯಾ, ಕುಡಿಯೋ ನೀರು ಇದೆಯಾ ಅಂತ. ಸಂದಿಯಲ್ಲಿ ತಲೆ ಹೊರಗೆ ಹಾಕಿ ಸುಹೇಲಾ ಕಿರುಚಿದಳು.

"ಎಲ್ಲರೂ ಲೈನಲ್ಲಿ ನಿಲ್ಲಿ! ತಿನ್ನೋದು ಮಾತ್ರ! ಬೇರೆ ಏನು ಕೇಳಿದ್ರೂ ಕೊಡಲ್ಲ!"

ಅವಳ ಟೀಚರ್ ಕೂಗುವುದು ಹೀಗೇ. ದೊಡ್ಡವರು ನಿಜಕ್ಕೂ ಲೈನಾಗಿ ನಿಂತುಬಿಟ್ಟರು! ಸುಹೇಲಾಳಿಗೆ ಒಳಗೊಳಗೇ ಖುಷಿಯಾಯಿತು.

ಮೀನಿನ ಡಬ್ಬಿ, ಹಲ್ವಾ, ಬಿಸ್ಕತ್ತು, ಆಲಿವ್. ಅವಳು ತಂದು ಕೊಡುತ್ತಿದ್ದಳು, ಚಿಕ್ಕಪ್ಪ ಮುಖ ಗಂಟು ಹಾಕಿಕೊಂಡೇ ಹಂಚುತ್ತಿದ್ದ. ಒಬ್ಬ ಸಿಗರೇಟಿನ ಇಡೀ ಬಂಡಲ್ ಕೇಳಿದ.

"ಸಿಗರೇಟು ತಿಂತೀರಾ?" ಅಂದಳು ಸುಹೇಲಾ.

ಈ ಸಲ ಲೈನೆಲ್ಲ ನಕ್ಕಿತು. ಭೂಕಂಪ ಆದ ಮೇಲೆ ಆ ಬೀದಿಯಲ್ಲಿ ನಗು ಕೇಳಿದ್ದು ಅದೇ ಮೊದಲು. ಅವನು ಗೊಣಗುತ್ತಾ ಬಿಸ್ಕತ್ತು ತಗೊಂಡು ಹೋದ.

ಲೈನಿನ ಕೊನೆಯಲ್ಲಿ ಒಬ್ಬ ಎತ್ತರದ ಮನುಷ್ಯ ಇದ್ದ. ಹುಬ್ಬಿನ ಮೇಲೂ ಸಿಮೆಂಟಿನ ಧೂಳು. ಅವನು ಬಗ್ಗಿ ಮೆಲ್ಲಗೆ ಕೇಳಿದ.

"ನಿಮ್ಮಲ್ಲಿ ಪ್ಲಾಸ್ಟಿಕ್ ಶೀಟಿನ ರೋಲ್ ಇರುತ್ತಲ್ಲ ಮಗಳೇ, ತೋಟಕ್ಕೆ ಹೊದಿಸೋದು. ಅದು ಬೇಕಿತ್ತು."

"ಅದು ತಿನ್ನೋದಾ?"

ಲೈನು ಮತ್ತೆ ನಕ್ಕಿತು. ಅವನು ನಗಲಿಲ್ಲ. "ಸ್ವಲ್ಪ ಸಾಕಿತ್ತು," ಅಂದ.

"ಆಗಲ್ಲ ಅಂದ್ರೆ ಆಗಲ್ಲ. ಅದು ನಮ್ಮಪ್ಪ ಮಾರೋದಕ್ಕೆ ಇಟ್ಟಿದ್ದು. ಊಟ ಬೇಕಾದ್ರೆ ಕೇಳಿ. ಊಟ ಬಿಟ್ಟು ಬೇರೆ ತಗೊಂಡ್ರೆ ಅದು ಕಳ್ಳತನ!"

ಅವನು ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಎದ್ದು ಬರಿಗೈಯಲ್ಲಿ ಹೊರಟುಹೋದ. ಹಲ್ವಾವನ್ನೂ ತಗೊಳ್ಳಲಿಲ್ಲ.

"ಹಾಗೆ ಹೇಳು! ಈಗ ನೀನು ನಮ್ಮ ಮನೆ ಹುಡುಗಿ," ಅಂದ ಚಿಕ್ಕಪ್ಪ. ಬೆಳಗಿನಿಂದ ಮೊದಲ ಸಲ ಅವನ ಮುಖದ ಗಂಟು ಬಿಚ್ಚಿತ್ತು.

ಮಧ್ಯಾಹ್ನದ ಹೊತ್ತಿಗೆ ಮಳೆ ಶುರುವಾಯಿತು. ಸಮುದ್ರದ ಕಡೆಯಿಂದ ಬರುವ ಚಳಿಗಾಲದ ಮಳೆ, ಮೂಳೆಗೇ ಇಳಿಯುತ್ತದೆ. ಸುಹೇಲಾ ಮತ್ತು ಅವಳ ಅಜ್ಜಿ ಕಿತ್ತಳೆ ತೋಟದಂಚಿನ ಒಂದು ಶೆಡ್ಡಿನಲ್ಲಿದ್ದರು. ಅಜ್ಜಿಗೆ ಬಿಸಿನೀರು ಬೇಕಿತ್ತು. ಸುಹೇಲಾ ಸೌದೆ ಹುಡುಕಿಕೊಂಡು ಬೇಕರಿ ಇದ್ದ ಓಣಿಗೆ ಹೋದಳು.

ಬೇಕರಿ ಇರಲಿಲ್ಲ. ಅದರ ಮೇಲಿದ್ದ ಮನೆಗಳೂ ಇರಲಿಲ್ಲ. ಕಲ್ಲಿನ ರಾಶಿಯ ಪಕ್ಕದಲ್ಲಿ ಆ ಎತ್ತರದ ಮನುಷ್ಯ ಕೂತಿದ್ದ. ಕೈಯಲ್ಲಿ ಕಡ್ಡಿ ಮುರಿದ ಒಂದು ಕೊಡೆ. ಕೊಡೆಯನ್ನು ಅವನು ತನ್ನ ತಲೆಗೆ ಹಿಡಿದಿರಲಿಲ್ಲ. ಅವನ ಮುಂದೆ, ಬಾಗಿಲಿನ ಹಲಗೆಯ ಮೇಲೆ, ಹೂವಿನ ಚಿತ್ರದ ಪರದೆಯಲ್ಲಿ ಸುತ್ತಿದ ಯಾರೋ ಮಲಗಿದ್ದರು. ಪರದೆ ಪೂರ್ತಿ ಒದ್ದೆಯಾಗಿತ್ತು. ಅವನು ಕೊಡೆಯನ್ನು ಒಮ್ಮೆ ತಲೆಯ ಕಡೆಗೆ, ಒಮ್ಮೆ ಕಾಲಿನ ಕಡೆಗೆ ಸರಿಸುತ್ತಿದ್ದ. ಎರಡೂ ಕಡೆಗೆ ಅದು ಸಾಲುತ್ತಿರಲಿಲ್ಲ.

ಸುಹೇಲಾಳ ಕೈಯಲ್ಲಿದ್ದ ಸೌದೆ ಜಾರಿ ಬಿತ್ತು. ಅವನು ತಲೆ ಎತ್ತಿ ನೋಡಿದ.

"ನಮ್ಮಮ್ಮ," ಅಂದ. "ಮಳೆ ಅಂದ್ರೆ ಅವಳಿಗೆ ಆಗ್ತಿರಲಿಲ್ಲ."

ಸುಹೇಲಾ ಓಡಿದಳು. ಮಣ್ಣಲ್ಲಿ ಜಾರಿದಳು, ಎದ್ದಳು, ಮತ್ತೆ ಓಡಿದಳು. ಅಂಗಡಿಯ ಮುಂದೆ ಚಿಕ್ಕಪ್ಪ ಒದ್ದೆ ಕಂಬಳಿ ಹೊದ್ದು ಕಾವಲು ಕೂತಿದ್ದ.

"ಎಲ್ಲಿಗೆ? ಏಯ್! ಇವತ್ತಿಗೆ ಸಾಕು ಕಣೇ! ಗೋಡೆಗೆ ನೀರು ಇಳೀತಿದೆ, ಕಾಣ್ಸಲ್ವಾ?"

"ಪ್ಲಾಸ್ಟಿಕ್ ಶೀಟ್ ಬೇಕು."

"ಅದು ತಿನ್ನೋದಲ್ಲ ಅಂತ ನೀನೇ ಅಂದೆ!"

"ನಾನು ಹೇಳಿದ್ದು ತಪ್ಪು!" ಅಂತ ಕೂಗಿ ಅವಳು ಸಂದಿಯೊಳಗೆ ನುಸುಳಿಬಿಟ್ಟಳು.

ರೋಲ್ ಹಿಂದಿನ ಮೂಲೆಯಲ್ಲಿ ಪೊರಕೆಗಳ ಕೆಳಗೆ ಸಿಕ್ಕಿಕೊಂಡಿತ್ತು. ಅದು ಅವಳಷ್ಟೇ ಉದ್ದ, ಅವಳಿಗಿಂತ ಭಾರ. ಎರಡೂ ಕೈಯಲ್ಲಿ ತಬ್ಬಿ ಎಳೆದಳು. ಬರಲಿಲ್ಲ. ಕಾಲನ್ನು ಗೋಡೆಗೆ ಊರಿ ಎಳೆದಳು. ಸ್ವಲ್ಪ ಬಂತು. ಅಷ್ಟರಲ್ಲಿ ನೆಲದೊಳಗಿಂದ ಭೂಕಂಪದ ದಿನದ ಆ ಶಬ್ದ ಮತ್ತೆ ಬಂತು. ದೊಡ್ಡ ಲಾರಿ ದೂರದಿಂದ ಬರುವ ಹಾಗೆ.

ಉಳಿದಿದ್ದ ಬಾಟಲಿಗಳೆಲ್ಲ ಒಂದಕ್ಕೊಂದು ತಾಗಿ ಕಣಕಣ ಅಂದವು. ಮೇಲಿಂದ ಗಾರೆ ಉದುರಿತು. ಹೊರಗೆ ಚಿಕ್ಕಪ್ಪ ಕೂಗುತ್ತಿದ್ದ. "ಸುಹೀ! ಸುಹೀ! ಸುಹೀ!" ಅದು ಬೈಗುಳದ ದನಿಯಾಗಿರಲಿಲ್ಲ. ಚಿಕ್ಕಪ್ಪನಿಗೆ ಅಂಥ ದನಿ ಇದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ.

ಸುಹೇಲಾ ತಲೆಯನ್ನು ರೋಲಿಗೆ ಒತ್ತಿ ಕಣ್ಣು ಮುಚ್ಚಿಕೊಂಡಳು. ನೆಲ ನಿಂತಿತು. ಗೋಡೆಯೂ ನಿಂತೇ ಇತ್ತು.

ಅವಳು ರೋಲನ್ನು ಬಿಡಲಿಲ್ಲ. ಉರುಳಿಸಿಕೊಂಡು, ತಳ್ಳಿಕೊಂಡು ಸಂದಿಯ ತನಕ ತಂದಳು. ಚಿಕ್ಕಪ್ಪ ಮೊದಲು ಅವಳ ಕುತ್ತಿಗೆಪಟ್ಟಿ ಹಿಡಿದು ಹೊರಗೆ ಎಳೆದುಕೊಂಡ. ತಲೆ, ಕೈ, ಬೆನ್ನು ಎಲ್ಲ ಮುಟ್ಟಿ ನೋಡಿದ. ಆಮೇಲೆ ರೋಲನ್ನೂ ಎಳೆದು ತನ್ನ ಹೆಗಲ ಮೇಲೆ ಹಾಕಿಕೊಂಡ.

"ಯಾರಿಗೆ?" ಅಂದ.

ಓಣಿಯಲ್ಲಿ ಆ ಮನುಷ್ಯ ಚಾಕುವಿನಿಂದ ಒಂದು ತುಂಡು ಕತ್ತರಿಸಿಕೊಂಡ. ಚಿಕ್ಕಪ್ಪ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಹೊದಿಸಿದರು, ನಾಲ್ಕು ಕಡೆಯೂ ಕಲ್ಲು ಇಟ್ಟರು. ಸುಹೇಲಾ ಸ್ವಲ್ಪ ದೂರದಲ್ಲೇ ನಿಂತಿದ್ದಳು.

"ಇಷ್ಟು ಸಾಕು," ಅಂದ ಅವನು, ಉಳಿದ ರೋಲನ್ನು ವಾಪಸ್ ಕೊಡುತ್ತಾ. "ಶಾಹಿನ್‌ಗೆ ಹೇಳಿ, ಮನ್ಸೂರ್ ತಗೊಂಡ ಅಂತ."

"ನೀವು ಆಗಲೇ ಯಾಕೆ ಹೇಳಲಿಲ್ಲ?" ಸುಹೇಲಾಳ ದನಿ ಜೋರಾಗಿಯೇ ಬಂತು. ಅವಳಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ. "ಹೇಳಿದ್ರೆ ಆಗಲೇ ಕೊಡ್ತಿದ್ದೆ!"

ಮನ್ಸೂರ್ ಒದ್ದೆ ಮುಖವನ್ನು ತೋಳಿನಿಂದ ಒರೆಸಿಕೊಂಡ. "ಅಷ್ಟು ಜನರ ಮುಂದೆ ಬಾಯಿಗೆ ಬರಲಿಲ್ಲ ಮಗಳೇ. ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು."

ಸಂಜೆಗೆ ಮೊದಲು ಉಳಿದ ಪ್ಲಾಸ್ಟಿಕ್ ಶೀಟು ತೋಟದ ಮರಗಳ ನಡುವೆ ಮೂರು ಮನೆಯವರ ಸೂರಾಯಿತು. ಕಟ್ಟಿದ್ದು ಚಿಕ್ಕಪ್ಪನೇ.

ಮಾರನೇ ದಿನ ಅಪ್ಪ ಬಂದ. ಗಡ್ಡ ಬೆಳೆದಿತ್ತು. ಅಮ್ಮನ ಕಾಲು ಉಳಿದಿದೆ, ಆದರೆ ಬಹಳ ದಿನ ಅಲ್ಲೇ ಇರಬೇಕು ಅಂದ. ಅಜ್ಜಿ ಅತ್ತಳು. ಆಮೇಲೆ ಅವನು ಅಂಗಡಿಯ ಮುಂದೆ ಹೋಗಿ ನಿಂತ. ಬಗ್ಗಿ ಟಾರ್ಚ್ ಬಿಟ್ಟು ಸಂದಿಯೊಳಗೆ ನೋಡಿದ. ತುಂಬಾ ಹೊತ್ತು ನೋಡಿದ.

"ಅಣ್ಣ, ನಾನು..." ಅಂತ ಚಿಕ್ಕಪ್ಪ ಶುರುಮಾಡಿದ.

"ನಾನು ಕೊಟ್ಟಿದ್ದು!" ಸುಹೇಲಾ ನಡುವೆ ಬಂದು ನಿಂತಳು. "ಚಿಕ್ಕಪ್ಪ ಬೇಡ ಅಂದ. ನಾನು ಕೇಳಲಿಲ್ಲ. ನಿನಗೆ ಫೋನ್ ಹೋಗ್ತಿರಲಿಲ್ಲ. ಬೈದ್ರೆ ಬೈಯಿ. ಇನ್ನೂ ಯಾರಾದ್ರೂ ಬಂದ್ರೆ ಮತ್ತೆ ಕೊಡ್ತೀನಿ."

ಅಪ್ಪ ಅವಳ ತೋಳನ್ನು ಹಿಡಿದುಕೊಂಡ. ನೋಯುವಷ್ಟು ಗಟ್ಟಿಯಾಗಿ.

"ಈ ಗೋಡೆ ಕೆಳಗೆ ಹೋಗಿದ್ಯಾ? ಈ ಗೋಡೆ ಕೆಳಗೆ?"

"ಹೂಂ."

"ಒಬ್ಬಳೇ?"

"ಹೂಂ."

ಅಪ್ಪ ಮತ್ತೊಮ್ಮೆ ಆ ಗೋಡೆಯತ್ತ ನೋಡಿದ. ಅವಳ ತೋಳು ಬಿಟ್ಟು ಅಲ್ಲೇ ಒಂದು ಇಟ್ಟಿಗೆಯ ಮೇಲೆ ಕೂತುಬಿಟ್ಟ. ಬೇಳೆ ಹೋಯಿತು, ಹಲ್ವಾ ಹೋಯಿತು ಅಂತ ಅವನು ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, "ಜೆಬ್ರಾಯಿಲ್, ಎಲ್ಲಾದ್ರೂ ಗಟ್ಟಿ ತೊಲೆ ಇದ್ರೆ ತಾ," ಅಂದ.

ಅಣ್ಣ ತಮ್ಮ ಇಬ್ಬರೂ ಸೇರಿ ಗೋಡೆಗೆ ತೊಲೆ ಆನಿಸಿದರು. ಷಟರಿನ ಮೂಲೆಯನ್ನು ಬಡಿದು ಬಗ್ಗಿಸಿದರು. ಈಗ ಅಪ್ಪನೇ ಮೊಣಕಾಲೂರಿ ಒಳಗೆ ಹೋದ. "ನೀನು ಹೊರಗೇ ನಿಂತು ಯಾರಿಗೇನು ಬೇಕು ಅಂತ ಕೇಳು. ಒಳಗೆ ಕಾಲಿಟ್ಟರೆ ನೋಡು," ಅಂದ.

ಜನ ಮತ್ತೆ ಬಂದರು. ಸುಹೇಲಾ ಕೇಳಿ ಹೇಳುತ್ತಿದ್ದಳು, ಅಪ್ಪ ಒಳಗಿಂದ ತೆಗೆದು ಕೊಡುತ್ತಿದ್ದ. ಆಗ ಅವಳ ವಯಸ್ಸಿನದೇ ಒಬ್ಬ ಹುಡುಗಿ ಬಂದಳು. ಪಕ್ಕದ ಊರಿನವಳಿರಬೇಕು. ಕಾಲಿಗೆ ಯಾರದೋ ದೊಡ್ಡ ಬೂಟು. ಸರದಿ ಬಂದಾಗ ಆ ಬೂಟನ್ನೇ ನೋಡುತ್ತಾ ನಿಂತಳು.

"ಬಾಚಣಿಗೆ ಇದೆಯಾ?" ಅಂದಳು ಕೊನೆಗೆ.

ಚಿಕ್ಕಪ್ಪನಿಗೆ ನಗು ಬಂತು. "ಬಾಚಣಿಗೆನಾ? ಇಂಥ ಹೊತ್ತಲ್ಲಿ?"

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ಏನಂತೆ?" ಅಂತ ಅಪ್ಪ ಒಳಗಿಂದ ಕೂಗಿದ.

"ಬಾಚಣಿಗೆ ಬೇಕಂತೆ ಅಪ್ಪಾ."

"ಬಾಚಣಿಗೆನಾ? ಯಾತಕ್ಕಂತೆ?"

ಸುಹೇಲಾ ಆ ಹುಡುಗಿಯ ಮುಖ ನೋಡಿದಳು. ಚಿಕ್ಕಪ್ಪನಿಗೆ ಬೆನ್ನು ಮಾಡಿ, ಅವಳಿಗೆ ಅಡ್ಡವಾಗಿ ನಿಂತಳು.

"ಕೇಳಬೇಡ ಅಪ್ಪಾ," ಅಂದಳು. "ಕೊಡು ಅಷ್ಟೇ."

ಒಳಗೆ ಅಪ್ಪ ಹುಡುಕಾಡುವ ಸದ್ದು ಕೇಳಿಸಿತು. ಸುಹೇಲಾ ಹುಡುಗಿಯ ಕಡೆಗೆ ತಿರುಗಿ ಮೆಲ್ಲಗೆ ಕೇಳಿದಳು.

"ಕೆಂಪಿದೆ, ಹಸಿರಿದೆ. ಯಾವುದು ಬೇಕು?"