ಜಿಡ್ಡಿನ ತಗಡು

ಮಾರ್ಚ್ ತಿಂಗಳ ಬಿಸಿಲು ಏರಿತ್ತು. ಚಡಚಣದ ಸುತ್ತ ದ್ರಾಕ್ಷಿ ಕೊಯ್ಲು ನಡೆದಿತ್ತು. ಶೆಡ್ಡುಗಳಲ್ಲಿ ಹೆಂಗಸರು ಒಣದ್ರಾಕ್ಷಿಗಾಗಿ ಗೊನೆಗಳನ್ನು ಪೊಟ್ಯಾಷ್, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಒಣಹಾಕುತ್ತಿದ್ದರು. ಆ ಹೊತ್ತಿನಲ್ಲಿ ಖಾತುನಬಿ ಮೃಣಾಲಿನಿಬಾಯಿಯವರ ಅಂಗಳಕ್ಕೆ ಬಂದು ಕುಸಿದಳು.

"ಅಕ್ಕೋರ, ನನ್ನ ಮಗಾ ಖಲೀಲ ಕೊಲಿ ಮಾಡಿಲ್ರಿ. ಸಂಜಿಕ ಫೌಜದಾರ್ರು ಠಾಣೆಗೆ ಒಯ್ತಾರಂತ."

ಊರಿನ ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಮೃಣಾಲಿನಿಬಾಯಿ ಊರಿನ ಇಂಥ ಗೋಜಲುಗಳನ್ನು ಹಿಂದೆಯೂ ಬಿಡಿಸಿದ್ದರು. ಅದೇ ಸಾಲೆಯಲ್ಲಿ ಉರ್ದು ಕಲಿಸುತ್ತಿದ್ದ ನಾನು, ನಿಷತ, ಎಂದಿನಂತೆ ಜೊತೆಗೆ ಹೊರಟೆ.

ಗೋವಿಂದರಾಯರ ಶೆಡ್ಡಿನಲ್ಲಿ ಟ್ರಾಲಿಯಿಂದ ಅದ್ದುವ ತೊಟ್ಟಿಯವರೆಗೆ ಕಬ್ಬಿಣದ ತಗಡನ್ನು ಇಳಿಜಾರಾಗಿ ಇಟ್ಟಿದ್ದರು. ಮೊನ್ನೆ ತುಂಬಿದ ಕ್ರೇಟೊಂದು ಅದರ ಮೇಲಿಂದ ರಭಸವಾಗಿ ಇಳಿದು ತೊಟ್ಟಿಯ ಬಳಿ ನಿಂತಿದ್ದ ಕೂಲಿಯಾಳು ಮೀರಾಸಾಬನ ಕಾಲಿಗೆ ಬಡಿದಿತ್ತು. ಬಿದ್ದವನ ತಲೆ ತೊಟ್ಟಿಯ ಕಟ್ಟೆಗೆ ತಾಗಿ ಜೀವ ಹೋಗಿತ್ತು. ಮೇಲೆ ಟ್ರಾಲಿಯಲ್ಲಿ ನಿಂತಿದ್ದವನು ಖಲೀಲ. ಹಿಂದಿನ ದಿನವಷ್ಟೇ ಇಬ್ಬರೂ ಜಗಳಾಡಿದ್ದರು.

"ಭಾರದ ಕ್ರೇಟು ಇಟ್ಟಲ್ಲೇ ಕೂಡ್ತದ್ರಿ," ಎಂದರು ಗೋವಿಂದರಾಯರು. "ನೂಕಿದ್ರಷ್ಟೇ ಇಳೀತದ."

ಮೃಣಾಲಿನಿಬಾಯಿ ಒಡೆದ ಕ್ರೇಟು ನೋಡಿದರು. ಅದರ ಮೇಲ್ಬದಿಯ, ಟ್ರಾಲಿಯ ಕಡೆಗಿದ್ದ ಹಿಡಿಕೆ ಕಿತ್ತಿತ್ತು. ಖಲೀಲನ ಬೆರಳುಗಳ ಒಳಚರ್ಮ ಸುಲಿದಿತ್ತು. ಆಮೇಲೆ ತಗಡಿನ ಮೇಲೆ ಬೆರಳಾಡಿಸಿ ಮೂಸಿ, ಫೌಜದಾರರನ್ನೂ ಸೇರಿಸಿ ಎಲ್ಲರನ್ನೂ ಕರೆಸಿದರು. ಮೀರಾಸಾಬನ ಹೆಂಡತಿ ಸಗೀರಾಳನ್ನೂ.

ಒಂದು ತುಂಬಿದ, ಒಂದು ಖಾಲಿ ಕ್ರೇಟನ್ನು ತಗಡಿನ ಮೇಲೆ ಒಟ್ಟಿಗೆ ಇಡಿಸಿ ಬಿಡಿಸಿದರು. ಯಾರೂ ನೂಕಲಿಲ್ಲ. ಎರಡೂ ಜೊತೆಜೊತೆಗೇ ಕೆಳಗೆ ಬಂದವು.

"ಭಾರದಾಗ ಒಂದು ಪಾಲು ತಗಡನ್ನ ಒತ್ತತದ, ಇನ್ನೊಂದು ಪಾಲು ಇಳಿಜಾರಿಗುಂಟ ಕೆಳಗೆ ಎಳೀತದ," ಎಂದರು. "ಇಷ್ಟು ದಿನ ಕ್ರೇಟು ನಿಲ್ಲಸಿದ್ದು ತಗಡಿನ ತಿಕ್ಕಾಟ, ಭಾರ ಅಲ್ಲ. ಎಣ್ಣಿ ಬಿದ್ದು ತಿಕ್ಕಾಟ ಹೋತು. ತುಂಬಿದ್ದಕ್ಕ ಎಳೆತ ಹೆಚ್ಚು, ಆದ್ರ ಅದನ್ನ ಓಡಸೂದೂ ಅಷ್ಟೇ ಕಷ್ಟ. ಅದಕ್ಕ ಎರಡೂ ಕೂಡೇ ಬಂದ್ವು. ನೂಕಿದ್ರ ಮೇಲಿನ ಹಿಡಿಕಿ ಯಾಕ ಕೀಳ್ತದ? ಖಲೀಲ ಅದನ್ನ ಹಿಂದಕ್ಕ ಜಗ್ಗಿ ಹಿಡದಿದ್ದ."

"ಎಣ್ಣಿ ಹೆಂಗ ಬಂತ್ರಿ?" ಫೌಜದಾರರು ಕೇಳಿದರು.

ಸಗೀರಾ ತಲೆಯ ಸೆರಗು ಎಳೆದುಕೊಂಡಳು.

"ಮೊನ್ನೆ ಅದ್ದಿದ ಕ್ರೇಟು ನಾನ ತಗಡಿನ ಮ್ಯಾಲೆ ಸೋರಾಕ ಇಟ್ಟಿದ್ನಿರಿ. ಎಣ್ಣಿನೀರು ತಿರುಗಿ ತೊಟ್ಟಿಗೆ ಇಳೀಲಿ ಅಂತ ರಾಯರು ಹೇಳಿದ್ರು... ನನ್ನ ಕೈಲೇ ಹೋದ್ನಾ ನನ್ನ ಗಂಡ?"

"ನಿನ್ನ ತಪ್ಪಲ್ಲವ್ವಾ. ಹೇಳಿದವರು ಇಲ್ಲೇ ನಿಂತಾರ," ಎಂದರು ಮೃಣಾಲಿನಿಬಾಯಿ.

ಫೌಜದಾರರು ಗೋವಿಂದರಾಯರನ್ನೇ ಜೀಪಿನತ್ತ ಕರೆದರು.

ಸಗೀರಾ ಖಲೀಲನ ಕಡೆ ತಿರುಗಿದಳು. "ಖಬರಸ್ತಾನದಾಗ ಎಲ್ಲಾರೂ ಗೋರಿಗೆ ಮೂರು ಹಿಡಿ ಮಣ್ಣು ಹಾಕಿದ್ರು, ನಿನಗ ಹಾಕಾಕ ಬಿಡಲಿಲ್ಲೋ ತಮ್ಮಾ. ಕೊಲಿಗಾರ ಅಂದು ಓಡಸಾಕ ಹಚ್ಚಿದ್ನಿ."

ಖಲೀಲ ಸುಲಿದ ಬೆರಳು ನೋಡಿಕೊಂಡ. "ಮೂರು ಹಿಡಿ ಮಣ್ಣಿನ ಋಣ ಇತ್ತು ಭಾಬಿ. ಈಗ ಹಾಕಿದ್ರ ಅವಗ ಮುಟ್ಟತೈತೇನು?"